ಎರಡು ಸಲ ಸತ್ತ ಪಾಸ್ಕಲ್

ಲ್ಯಾನ್ಸ್‌ಲೊಟ್ ಲಸ್ರಾದೊನ ಮುತ್ತಜ್ಜ ಪಾಸ್ಕಲ್ ಎರಡು ಸಲ ಸತ್ತಿದ್ದ. ಮೊದಲ ಸಲ ಸತ್ತದ್ದು 1884ರಲ್ಲಿ, ಸಮುದ್ರದಲ್ಲಿ. ಮಂಗಳೂರಿನ ಹತ್ತಿರದ ಅವರ ಊರಿನ ಇಗರ್ಜಿಯ ಮರಣದ ಪುಸ್ತಕ ಹಾಗೆ ಹೇಳುತ್ತದೆ. ಅವನ ಆತ್ಮಶಾಂತಿಗೆ ಪೂಜೆ ನಡೆದ ತಾರೀಕೂ ಅದರಲ್ಲಿದೆ. ಎರಡನೆಯ ಸಲ ಸತ್ತದ್ದು 1912ರಲ್ಲಿ, ಆಸ್ಟ್ರೇಲಿಯದ ಮೆಲ್ಬರ್ನಿನ ಬಂದರು ಬಡಾವಣೆ ವಿಲಿಯಮ್ಸ್‌ಟೌನಿನಲ್ಲಿ, ತನ್ನದೇ ಮಂಚದ ಮೇಲೆ, ಎದೆಯಲ್ಲಿ ಕಫ ಕಟ್ಟಿ. ಅದನ್ನು ಹೇಳುವುದು ಅಲ್ಲಿಯ ಸರ್ಕಾರದ ಪ್ರಮಾಣಪತ್ರ. ಬೇರೆ ಯಾರಾದರೂ ಆಗಿದ್ದರೆ ಹಳೇ ಕಾಲದ ಸಂಗತಿ, ಹಾಳಾಗಿ ಹೋಗಲಿ ಎಂದು ಬಿಟ್ಟುಬಿಡುತ್ತಿದ್ದರು. ನದೀಮೂಲ ಋಷಿಮೂಲ ಹುಡುಕಬಾರದು ಎಂದು ಹಿರಿಯರು ಹೇಳಿದ್ದು ಇಂಥದಕ್ಕೇ.

ಆದರೆ ಲ್ಯಾನ್ಸ್‌ಲೊಟ್ ಬಿಡುವ ಆಸಾಮಿಯಲ್ಲ. ಸಿಡ್ನಿಯ ಚಾಟ್ಸ್‌ವುಡ್ಡಿನ ಒಂದು ಇನ್ಶೂರೆನ್ಸ್ ಕಚೇರಿಯಲ್ಲಿ ಕ್ಲೇಮುಗಳನ್ನು ಪರೀಕ್ಷಿಸುವ ಮೇಜಿನಲ್ಲಿ ಕೂತು ಅವನ ಕೂದಲು ನರೆತಿತ್ತು. ಕಳ್ಳತನವಾಯಿತು ಎಂದು ಅತ್ತವರನ್ನೂ, ನೀರು ನುಗ್ಗಿತು ಎಂದು ಕೂಗಾಡಿದವರನ್ನೂ ಅವನು ಒಂದೇ ಮಾತು ಕೇಳುತ್ತಿದ್ದ: ರಿಸೀಟ್ ಉಂಟಾ? ಇದ್ದರೆ ಕ್ಲೇಮ್ ಪಾಸು, ಇಲ್ಲದಿದ್ದರೆ ವಾಪಸು. ಕೆಟ್ಟ ಮನುಷ್ಯನಲ್ಲ. ಕಾಗದ ಸುಳ್ಳು ಹೇಳುವುದಿಲ್ಲ, ಮನುಷ್ಯರು ಹೇಳುತ್ತಾರೆ ಎಂದು ನಂಬಿದವನು, ಅಷ್ಟೆ. ಅಮ್ಮ ಗಂಟಲು ನೋವು ಅಂದರೂ ಡ್ಯಾಡಿ ಡಾಕ್ಟರ ಚೀಟಿ ಕೇಳುತ್ತಾರೆ ಎಂದು ಮಗ ಡಿಕ್ಸನ್ ಇಂಗ್ಲಿಷಿನಲ್ಲಿ ಗೇಲಿ ಮಾಡುತ್ತಿದ್ದ.

ಟೂಂಗಾಬಿಯಲ್ಲಿ ಅವರದೊಂದು ಕೆಂಪು ಇಟ್ಟಿಗೆಯ ಮನೆ. ಮಾರ್ಟ್‌ಗೇಜ್ ತೀರಿತ್ತು. ಹೆಂಡತಿ ಗ್ರೆಟ್ಟಾ ಸ್ಟೇಷನ್ ಬಳಿಯ ಔಷಧದಂಗಡಿಯ ಕೌಂಟರಿನಲ್ಲಿ ವಾರಕ್ಕೆ ಮೂರು ದಿನ ನಿಲ್ಲುತ್ತಿದ್ದಳು. ಉಳಿದ ದಿನ ಹಿತ್ತಿಲಿನ ಬಸಳೆ ಚಪ್ಪರ ಮತ್ತು ಇಗರ್ಜಿಯ ಕೆಲಸ. ಡಿಕ್ಸನ್ ಎಪ್ಪಿಂಗಿನ ಫ್ಲ್ಯಾಟಿನಲ್ಲಿ ಬೇರೆ ಇದ್ದ. 2004ರಲ್ಲಿ ಲ್ಯಾನ್ಸ್‌ಲೊಟನ ತಂದೆ ಊರಿನಲ್ಲಿ ತೀರಿಕೊಂಡರು. ಸಂಸ್ಕಾರ ಮುಗಿಸಿ ಬಂದವನಿಗೆ ಶನಿವಾರ ಭಾನುವಾರ ಮನೆ ಹಿಡಿಸಲಿಲ್ಲ. ಅಪ್ಪನೊಡನೆ ಕೇಳಬೇಕಾದದ್ದೆಲ್ಲ ಕೇಳದೆ ಉಳಿಯಿತಲ್ಲ ಎಂಬ ಕೊರಗು. ಆಗ ಅವನು ವಂಶವೃಕ್ಷ ಬರೆಯುವ ಒಂದು ಸಾಫ್ಟ್‌ವೇರ್ ತಂದು ಕಂಪ್ಯೂಟರಿಗೆ ಹಾಕಿದ. ಅದರಲ್ಲಿ ಪ್ರತಿ ಹೆಸರಿನ ಕೆಳಗೂ ಒಂದು ಖಾನೆ, ಈ ಮಾಹಿತಿಗೆ ಆಧಾರವೇನು ಎಂದು. ತುಂಬದಿದ್ದರೆ ಹೆಸರಿನ ಪಕ್ಕ ಕೆಂಪು ಗುರುತು ಮೂಡುತ್ತದೆ. ಹೇಳಿ ಮಾಡಿಸಿದ ಜೋಡಿ.

ಅಪ್ಪ, ಅಜ್ಜ ಸೈಮನ್, ಅವನ ಮೇಲೆ ಮುತ್ತಜ್ಜ ಪಾಸ್ಕಲ್. ಅಲ್ಲಿಗೆ ದಾರಿ ನಿಂತಿತು. ಪಾಸ್ಕಲ್ ಹಡಗಿಗೆ ಹೋದ, ತಿರುಗಿ ಬರಲಿಲ್ಲ ಎಂಬ ಒಂದು ಸಾಲನ್ನು ಬಿಟ್ಟರೆ ಮನೆತನಕ್ಕೆ ಅವನ ಬಗ್ಗೆ ಏನೂ ಗೊತ್ತಿರಲಿಲ್ಲ. ಅವನ ಹೆಂಡತಿಯ ಖಾನೆಯಲ್ಲಿ ಹೆಸರೂ ಇರಲಿಲ್ಲ. ಲ್ಯಾನ್ಸ್‌ಲೊಟ್ ಅಲ್ಲಿ ‘ಹೆಂಡತಿ’ ಎಂದಷ್ಟೇ ಟೈಪ್ ಮಾಡಿದ್ದ, ಅದರ ಪಕ್ಕ ಕೆಂಪು ಗುರುತು.

ಎರಡು ವರ್ಷ ಲೈಬ್ರರಿಗಳ ಸೂಚಿ ತಿರುವಿ ಹಾಕಿದ ಮೇಲೆ ಒಂದು ಶನಿವಾರ ಮೆಲ್ಬರ್ನಿನ ಮದುವೆಗಳ ಪಟ್ಟಿಯಲ್ಲಿ ಪಾಸ್ಕಲ್ ಲಸ್ರಾದೊ ಸಿಕ್ಕಿದ. ಆ ಹೆಸರಿನವರು ಆ ಕಾಲದಲ್ಲಿ ಇಡೀ ಆಸ್ಟ್ರೇಲಿಯದಲ್ಲಿ ಎಷ್ಟು ಮಂದಿ ಇದ್ದಾರು! ಪ್ರಮಾಣಪತ್ರ ತರಿಸಿದ. ಜನ್ಮಸ್ಥಳ ಮಂಗಳೂರು. ಕೆಲಸ ಹಡಗಿನ ಅಡುಗೆ, ಈಗ ಬೇಕರಿ. ಸ್ಥಿತಿ: ವಿಧುರ. 1888ರಲ್ಲಿ ವಿಲಿಯಮ್ಸ್‌ಟೌನಿನ ಇಗರ್ಜಿಯಲ್ಲಿ ಎಲೆನ್ ಎಂಬ ಐರಿಷ್ ಹುಡುಗಿಯನ್ನು ಮದುವೆಯಾಗಿದ್ದ. ಆಮೇಲೆ ತರಿಸಿದ ಮರಣದ ಪತ್ರದಲ್ಲಿ ಇನ್ನೊಂದು ಸಾಲು: ಮೊದಲ ಮದುವೆ ಮಂಗಳೂರಿನಲ್ಲಿ, ಹೆಂಡತಿಯ ಹೆಸರು ತಿಳಿಯದು, ಒಬ್ಬ ಮಗ, ಸೈಮನ್. ಅಜ್ಜನ ಹೆಸರನ್ನು ಅಷ್ಟು ದೂರದ ಕಾಗದದಲ್ಲಿ ಕಂಡು ಲ್ಯಾನ್ಸ್‌ಲೊಟನ ಕಣ್ಣು ತುಂಬಿತು. ಆ ದಿನ ಟ್ರೈನಿನಲ್ಲಿ ತನ್ನ ಸ್ಟೇಷನ್ ಬಂದದ್ದು ಗೊತ್ತಾಗದೆ ಮುಂದಕ್ಕೆ ಹೋಗಿಬಿಟ್ಟ.

ಇಂಟರ್ನೆಟ್ಟಿನಲ್ಲಿ ಇಂಥ ಹುಡುಕಾಟದವರು ಸೇರುವ ಕಟ್ಟೆಯೊಂದರಲ್ಲಿ ಅವನು ಈ ಹೆಸರು ಹಾಕಿದ. ತಿಂಗಳು ಕಳೆದ ಮೇಲೆ ಮೆಲ್ಬರ್ನಿನಿಂದ ಕೈಬರಹದ ಕಾಗದ ಬಂತು. ಬರೆದವರು ಡಾಫ್ನಿ ಹಾರ್ಪರ್, ಎಂಬತ್ತೈದು ವರ್ಷದ ವಿಧವೆ. ಎಲೆನ್ ಅವರ ತಾಯಿಯ ತಾಯಿ. ಅಂದರೆ ಪಾಸ್ಕಲ್ ಅವರಿಗೆ ಅಜ್ಜ, ಇವನಿಗೆ ಮುತ್ತಜ್ಜ. ಕಾಗದದಲ್ಲಿ ನೆಂಟಸ್ತಿಕೆಯ ಸಂತೋಷ ಎರಡೇ ಸಾಲು; ಉಳಿದದ್ದೆಲ್ಲ ಒಂದು ಪ್ರಶ್ನೆ.

ಎಲೆನ್ ಮದುವೆಯಾಗಿ ಕೆಲವು ವರ್ಷಗಳಾದ ಮೇಲೆ ಮಂಗಳೂರು ಕಡೆಯ ನಾವಿಕನೊಬ್ಬ ಆ ಬಂದರಿಗೆ ಬಂದಿದ್ದನಂತೆ. ಪಾಸ್ಕಲ್ ಲಸ್ರಾದೊನ ಹೆಂಡತಿ ನಮ್ಮೂರಿನಲ್ಲಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾಳೆ ಎಂದು ಎಲೆನಳ ಅಣ್ಣಂದಿರ ಮುಂದೆ ಹೇಳಿದನಂತೆ. ಅಂದಿನಿಂದ ಅವರು ತಂಗಿಯನ್ನು ಗಂಡನಿಲ್ಲದವಳು ಎಂದೇ ನೋಡಿದರು. ನನ್ನ ಹೆಂಡತಿಯನ್ನು ನಾನೇ ಮಣ್ಣು ಮಾಡಿ ಬಂದಿದ್ದೇನೆ ಎಂದು ಪಾಸ್ಕಲ್ ಸಾಯುವವರೆಗೂ ಹೇಳಿದ. ಎಲೆನ್ ನಂಬಿದಳು, ಬೇರೆ ಯಾರೂ ನಂಬಲಿಲ್ಲ. ಅವನು ಸತ್ತಾಗ ಗೋರಿಗೆ ಕಲ್ಲು ಹಾಕಿಸಿದವಳು ಎಲೆನ್. ಅವನ ಹೆಸರನ್ನು ಮೇಲೆ ಕೆತ್ತಿಸಿ, ಕೆಳಗಿನ ಅರ್ಧವನ್ನು ತನಗೆಂದು ಖಾಲಿ ಬಿಡಿಸಿದ್ದಳು. ಆದರೆ ಅವಳು ಸತ್ತಾಗ ಅಣ್ಣಂದಿರ ಮಕ್ಕಳು ಅವಳನ್ನು ತವರಿನವರ ಗೋರಿಯಲ್ಲಿ, ತವರಿನ ಹೆಸರಿನಲ್ಲಿ ಹೂತರು. ಆಗ ಡಾಫ್ನಿಗೆ ಹತ್ತು ವರ್ಷ. ಆ ಖಾಲಿ ಅರ್ಧದಲ್ಲಿ ಅಜ್ಜಿಯ ಹೆಸರು ಕೆತ್ತಿಸಿ ತಾನು ಕಣ್ಣು ಮುಚ್ಚಬೇಕು ಎಂದು ಅವರ ಆಸೆ. ಕೆತ್ತುವವನನ್ನೂ ಗೊತ್ತು ಮಾಡಿದ್ದರು. ಆದರೆ ಗೋರಿಯ ಕಲ್ಲಿನ ಮೇಲೆ ಸುಳ್ಳು ಬರೆಸುವವರಲ್ಲ ಡಾಫ್ನಿ. ‘ಅವಳು ನಿಜವಾಗಿ ಅವನ ಹೆಂಡತಿಯಾಗಿದ್ದಳೇ? ನಿಮ್ಮ ಕಡೆಯ ದಾಖಲೆ ನೋಡಿ ಹೇಳುತ್ತೀರಾ?’ ಎಂದು ಬರೆದಿದ್ದರು.

ದಾಖಲೆ ನೋಡು ಎಂದು ಲ್ಯಾನ್ಸ್‌ಲೊಟನಿಗೆ ಹೇಳಬೇಕೇ? ಮಂಗನಿಗೆ ಏಣಿ ಹಾಕಿಕೊಟ್ಟಂತಾಯಿತು. ಊರಿನ ಇಗರ್ಜಿಯ ಗುಮಾಸ್ತನಿಗೆ ಮೇಲ್ ಹಾಕಿದ, ಫೋನ್ ಮಾಡಿದ, ಕಡೆಗೆ ಹಳೆಯ ಮರಣದ ಪುಸ್ತಕದ ಎರಡು ಪುಟಗಳ ಫೋಟೋ ತರಿಸಿಕೊಂಡ. ಒಂದರಲ್ಲಿ 1884: ಪಾಸ್ಕಲ್ ಲಸ್ರಾದೊ, ಸಮುದ್ರದಲ್ಲಿ ಮೃತ. ಇನ್ನೊಂದರಲ್ಲಿ 1903: ಪಾಸ್ಕಲ್ ಲಸ್ರಾದೊನ ವಿಧವೆ, ವಯಸ್ಸು ಸುಮಾರು ಐವತ್ತು, ಜ್ವರದಿಂದ. ಆ ಕಾಲದ ಪಾದ್ರಿಗಳಿಗೆ ಹೆಂಗಸರ ಹೆಸರು ಬರೆಯುವಷ್ಟು ಶಾಯಿ ಇರಲಿಲ್ಲ ಎಂದು ಕಾಣುತ್ತದೆ.

ಲ್ಯಾನ್ಸ್‌ಲೊಟ್ ಕಾಗದಗಳನ್ನು ಪಕ್ಕಪಕ್ಕ ಇಟ್ಟ. ಲೆಕ್ಕ ಸಲೀಸಾಗಿ ಕೂತಿತು. ಹಡಗಿಗೆ ಹೋದವನ ಸುದ್ದಿಯಿಲ್ಲ. ಮನೆಯವರು ಸತ್ತನೆಂದು ಬಗೆದು ಪೂಜೆ ಮಾಡಿಸಿದರು. ಹೆಂಡತಿ ವಿಧವೆಯಾಗಿ 1903ರವರೆಗೆ ಬದುಕಿದಳು. ಇವನು ಅತ್ತ ಮೆಲ್ಬರ್ನಿನಲ್ಲಿ ವಿಧುರನೆಂದು ಬರೆಸಿ ಇನ್ನೊಬ್ಬಳ ಕೈ ಹಿಡಿದ. ನಾವಿಕ ಹೇಳಿದ್ದು ಸತ್ಯ, ಮುತ್ತಜ್ಜ ಹೇಳಿದ್ದು ಸುಳ್ಳು. ಅವನಿಗೂ ಬೇಸರವಾಯಿತು, ಆದರೆ ಇನ್ಶೂರೆನ್ಸಿನ ಕೈ ನೋಡಿ, ಆ ರಾತ್ರಿಯೇ ಕಾಗದ ಬರೆದು ಬೆಳಿಗ್ಗೆ ಪೋಸ್ಟ್ ಮಾಡಿತು. ದಾಖಲೆಗಳ ಪ್ರಕಾರ ನಿಮ್ಮ ಅಜ್ಜಿಯ ಮದುವೆ ಕಾನೂನಿನ ಪ್ರಕಾರವೂ ಇಗರ್ಜಿಯ ಪ್ರಕಾರವೂ ನಿಲ್ಲುವುದಿಲ್ಲ, ವಿಷಾದಿಸುತ್ತೇನೆ ಎಂದು.

ಡಾಫ್ನಿಯ ಉತ್ತರ ಪುಟ್ಟದು. ಧನ್ಯವಾದ. ಕಲ್ಲು ಕೆತ್ತುವವನಿಗೆ ಬರಬೇಡ ಎಂದು ಹೇಳಿದ್ದೇನೆ. ಅಜ್ಜಿ ಅವನನ್ನು ನಂಬಿದ್ದಳು ಎಂಬುದೊಂದೇ ನನಗೆ ಸಂಕಟ.

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಡಾಫ್ನಿ ಒದೆಯಲೂ ಇಲ್ಲ, ಅದೇ ಅವನನ್ನು ಹೆಚ್ಚು ಕಾಡಿತು. ಆ ಪುಟ್ಟ ಕಾಗದವನ್ನು ಫೈಲಿಗೆ ಹಾಕಲಾರದೆ ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದ. ಗ್ರೆಟ್ಟಾ ಅಂಗಿ ಒಗೆಯಲು ಹಾಕುವಾಗ ತೆಗೆದು ಓದಿದಳು, ಅಲ್ಲೇ ಮೇಜಿನ ಮೇಲಿಟ್ಟಳು. ಗಂಡನ ಸತ್ತವರ ವ್ಯವಹಾರಕ್ಕೆ ಅವಳು ತಲೆ ಹಾಕುತ್ತಿರಲಿಲ್ಲ. ಅವಳ ತಲೆ ತುಂಬ ಬದುಕಿದವರ ವ್ಯವಹಾರ. ಡಿಕ್ಸನನ ಮದುವೆ ಮೆಲ್ಬರ್ನಿನ ರೊವೀನಾ ಜತೆ ನಿಶ್ಚಯವಾಗಿತ್ತು, ಅವರೂ ಮಂಗಳೂರಿನವರೇ. ಜನವರಿಯಲ್ಲಿ ಮದುವೆ.

ಅಕ್ಟೋಬರಿನ ಒಂದು ಭಾನುವಾರ, ಊಟವಾದ ಮೇಲೆ, ಗ್ರೆಟ್ಟಾ ಬೀರುವಿನಿಂದ ಒಂದು ಸಣ್ಣ ಡಬ್ಬಿ ತೆಗೆದು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದಳು. ಡಬ್ಬಿಯಲ್ಲಿ ಮನೆತನದ ಕರಿಮಣಿ. ಅವರು ಪಿರ್ದುಕ್ ಎನ್ನುತ್ತಾರೆ. ಸಣ್ಣ ಕರಿಮಣಿಗಳ ಎರಡು ಎಳೆ, ನಡುವೆ ಸವೆದುಹೋದ ಚಿನ್ನದ ಶಿಲುಬೆ. ಹಿರಿಯ ಮಗನ ಹೆಂಡತಿಯ ಕೊರಳಿಗೆ ಅತ್ತೆ ಹಾಕುವಂಥದು. ದಾರ ಹಳತಾಗಿತ್ತು, ರೊವೀನಾಳಿಗೆಂದು ಹೊಸ ದಾರದಲ್ಲಿ ಪೋಣಿಸಲು ಕೂತಳು. ಮಣಿ ಪೋಣಿಸುತ್ತ ತನ್ನಷ್ಟಕ್ಕೆ ಜಪದ ಹಾಗೆ ಏನೋ ಹೇಳಿಕೊಳ್ಳುತ್ತಿದ್ದಳು.

ಎದುರಿಗೆ ಕೂತ ಲ್ಯಾನ್ಸ್‌ಲೊಟ್ ಬೇಸರದಲ್ಲೇ ಇದ್ದ. ಪಾಪ, ಗಂಡ ಬಿಟ್ಟುಹೋದ ಆ ವಿಧವೆಯ ಕೊರಳಲ್ಲಿದ್ದ ಮಣಿ ಇದು, ಈಗ ನಮ್ಮ ಸೊಸೆಗೆ, ಎಂದುಬಿಟ್ಟ.

ಗ್ರೆಟ್ಟಾಳ ಸೂಜಿ ನಿಂತಿತು. ಗಂಡಹೆಂಡಿರ ಮಾತು ನಡೆಯುವುದು ಕೊಂಕಣಿಯಲ್ಲಿ. ನಮಗೆ ಕನ್ನಡದಲ್ಲಿ ಕೇಳಿದರೆ ಸಾಕು.

“ಎಂತ ಹೇಳಿದಿರಿ? ಯಾರು ವಿಧವೆ?”

“ಮುತ್ತಜ್ಜಿ. ಪಾಸ್ಕಲನ ಹೆಂಡತಿ. ಇಗರ್ಜಿ ಪುಸ್ತಕದಲ್ಲಿ ಉಂಟು.”

“ಇಸಾಬೆಲ್ ವಿಧವೆಯಾ? ನಿಮ್ಮ ಪುಸ್ತಕಕ್ಕೆ ಮರ್ಲು.”

ಮರ್ಲು ಎಂದರೆ ಆ ಕಡೆ ಹುಚ್ಚು. ಆದರೆ ಲ್ಯಾನ್ಸ್‌ಲೊಟನ ಕಿವಿ ಹಿಡಿದದ್ದು ಆ ಮಾತನ್ನಲ್ಲ. ಅವನು ಕುರ್ಚಿಯಲ್ಲಿ ನೆಟ್ಟಗಾದ. ಯಾವ ಇಸಾಬೆಲ್ ಎಂದು ಕೇಳಿದ. ಗ್ರೆಟ್ಟಾ ಅವನನ್ನು, ಈ ಮನುಷ್ಯನಿಗೆ ತನ್ನ ಮನೆಯ ವಿಳಾಸವೂ ಗೊತ್ತಿಲ್ಲವೇ ಎಂಬಂತೆ ನೋಡಿದಳು. ಇಸಾಬೆಲ್, ಮೊನಿಕಾ, ಸಿಸಿಲಿಯಾ, ಗ್ರೆಟ್ಟಾ. ಮದುವೆಯ ಹಿಂದಿನ ದಿನ, ಹೆಂಗಸರು ಮಾತ್ರ ಇರುವ ಕೋಣೆಯಲ್ಲಿ, ಅತ್ತೆ ಮಣಿಯನ್ನು ಕೈಯಲ್ಲಿ ಹಿಡಿದು ಅದನ್ನು ತೊಟ್ಟವರ ಹೆಸರುಗಳನ್ನು ಮದುಮಗಳಿಂದ ಹೇಳಿಸುತ್ತಾಳೆ. ಸೈಮನನ ಹೆಂಡತಿ ಮೊನಿಕಾ, ಅವಳ ಸೊಸೆ ಲ್ಯಾನ್ಸ್‌ಲೊಟನ ಅಮ್ಮ ಸಿಸಿಲಿಯಾ. ಗ್ರೆಟ್ಟಾಳಿಗೆ ಹೇಳಿಸಿದ್ದು ಅಮ್ಮನೇ. ಎರಡು ವರ್ಷ ಅವನು ಊರೂರಿನ ಲೈಬ್ರರಿಯಲ್ಲಿ ಹುಡುಕಿದ ಹೆಸರು ಅವನ ಅಡುಗೆಮನೆಯಲ್ಲೇ ಇತ್ತು.

“ನೀನು ಇಷ್ಟು ದಿನ ಯಾಕೆ ಹೇಳಲಿಲ್ಲ?”

“ನೀವು ಯಾವಾಗ ಕೇಳಿದ್ದು?”

ಗ್ರೆಟ್ಟಾ ಮುಂದುವರಿಸಿದಳು. ಈ ಮಣಿ ಗಂಡ ಇರುವವಳ ಕೊರಳಿನಿಂದ ಮಾತ್ರ ಸೊಸೆಗೆ ಹೋಗುವಂಥದು. ನಡುವೆ ಗಂಡ ಸತ್ತರೆ ಆ ದಿನವೇ ತೆಗೆದು ಇಗರ್ಜಿಯ ಮಾತೆಯ ಪಾದಕ್ಕೆ ಇಡಬೇಕು, ಅದು ಮತ್ತೆ ಮನೆಗೆ ಬರುವುದಿಲ್ಲ. ಮೊನಿಕಾ ಗಂಡ ಇರುವಾಗಲೇ ಕೊಟ್ಟಳು, ಸಿಸಿಲಿಯಾ ಕೊಡುವಾಗ ಮಾವ ಚಪ್ಪರದ ಕೆಳಗೆ ಕೂತು ನಗುತ್ತಿದ್ದರು. ಇಸಾಬೆಲ್ ಸಣ್ಣ ಪ್ರಾಯದಲ್ಲಿ ಸತ್ತಳು, ಮಗ ಇನ್ನೂ ಅಂಬೆಗಾಲಿಡುವಾಗ. ಅವಳ ಓರಗಿತ್ತಿ ಮಣಿಯನ್ನು ಸೈಮನನ ಹೆಂಡತಿಗೆಂದು ಎತ್ತಿಟ್ಟಳು. ಅತ್ತೆ ಹೇಳಿದ್ದು ಹಾಗೆ.

“ವಿಧವೆಯ ಕರಿಮಣಿ ಮದುಮಗಳ ಕೊರಳಿಗೆ ಯಾರಾದರೂ ಹಾಕುತ್ತಾರಾ? ನಿಮ್ಮ ಅಮ್ಮ ನನಗೆ ಹಾಕುತ್ತಿದ್ದರಾ? ನಾನು ರೊವೀನಾಗೆ ಹಾಕುತ್ತೇನಾ?”

ಹಾಗಾದರೆ 1903ರಲ್ಲಿ ಸತ್ತ ವಿಧವೆ ಯಾರು? ಲ್ಯಾನ್ಸ್‌ಲೊಟ್ ಎದ್ದು ಹಿತ್ತಿಲಿಗೆ ಹೋಗಿ ಬಸಳೆ ಚಪ್ಪರದ ಕೆಳಗೆ ನಿಂತ. ನಿಂತಲ್ಲೇ ಅವನಿಗೆ ತನ್ನ ತಂದೆಯ ಹೆಸರು ನೆನಪಾಯಿತು. ಅಪ್ಪನ ಹೆಸರೂ ಪಾಸ್ಕಲ್. ಅಜ್ಜನ ಹೆಸರನ್ನು ಹಿರಿಯ ಮೊಮ್ಮಗನಿಗೆ ಇಡುವುದು ಆ ಕಡೆಯ ಪದ್ಧತಿ. ಒಬ್ಬ ಅಜ್ಜನಿಗೆ ನಾಲ್ಕು ಗಂಡುಮಕ್ಕಳಿದ್ದರೆ ನಾಲ್ಕು ಮನೆಯಲ್ಲೂ ಅದೇ ಹೆಸರಿನ ನಾಲ್ಕು ಹಿರಿಯ ಮೊಮ್ಮಕ್ಕಳು ಇರಬಹುದು. ಲ್ಯಾನ್ಸ್‌ಲೊಟನ ಅಪ್ಪ ಬೊಂಬಾಯಿಯಲ್ಲಿ ಇಂಗ್ಲಿಷ್ ಕಂಪನಿ ಸೇರಿ, ಶೋಕಿ ಹತ್ತಿ, ಸೈಮನ್ ಆಗಬೇಕಿದ್ದ ಮಗನನ್ನು ಲ್ಯಾನ್ಸ್‌ಲೊಟ್ ಮಾಡಿದರು. ಲ್ಯಾನ್ಸ್‌ಲೊಟ್ ತನ್ನ ಸರದಿಯಲ್ಲಿ ಡಿಕ್ಸನನನ್ನು ತಂದ. ಪದ್ಧತಿ ಮರೆತುಹೋಯಿತು, ಅದರ ಜತೆ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ಇರಬಹುದೆಂಬ ಸಾಮಾನ್ಯ ತಿಳಿವಳಿಕೆಯೂ ಮರೆತುಹೋಯಿತು. ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ. ಸಮುದ್ರದಲ್ಲಿ ಸತ್ತವನು ಬೇರೆ ಪಾಸ್ಕಲ್, ದಾಯಾದಿ. 1903ರ ವಿಧವೆ ಅವನ ಹೆಂಡತಿ. ಆ ನಾವಿಕ ಕಂಡದ್ದೂ ಅವಳನ್ನೇ ಇರಬೇಕು. ಅವನು ಮಾಡಿದ ತಪ್ಪನ್ನೇ ನೂರು ವರ್ಷ ಕಳೆದ ಮೇಲೆ ತಾನೂ ಮಾಡಿದ್ದ. ನಾವಿಕನದು ಬಾಯಿಮಾತು, ತನ್ನದು ಸಹಿ ಹಾಕಿದ ಕಾಗದ. ಲ್ಯಾನ್ಸ್‌ಲೊಟನಿಗೆ ನಾಚಿಕೆಯಾಯಿತು.

ಆದರೂ ಜಾಯಮಾನ ಬಿಡುತ್ತದೆಯೇ? ಅವನಿಗೆ ಕಾಗದ ಬೇಕು. ಮರುದಿನವೇ ಗುಮಾಸ್ತನಿಗೆ ಮತ್ತೆ ಮೇಲ್ ಹೋಯಿತು. ಮೂರು ವಾರಕ್ಕೆ ಉತ್ತರ ಬಂತು. ಮಕ್ಕಳಿಗೆ ಹೆಸರಿಡುವ ಜ್ಞಾನಸ್ನಾನದ ಪುಸ್ತಕದಲ್ಲಿ ಆ ಮನೆತನದ ಇಬ್ಬರು ಪಾಸ್ಕಲರು ಇದ್ದಾರೆ, ಇಬ್ಬರಿಗೂ ಅಜ್ಜ ಒಬ್ಬನೇ. ಲ್ಯಾನ್ಸ್‌ಲೊಟ್ ಮೇಜು ಗುದ್ದಿದ. ಆದರೆ ಮುಂದಿನ ಸಾಲು: ಇಸಾಬೆಲ್ ಸತ್ತಿರಬಹುದಾದ ವರ್ಷಗಳ ಮರಣದ ಪುಟಗಳನ್ನು ಗೆದ್ದಲು ತಿಂದಿದೆ, ಕ್ಷಮಿಸಿ. ಅಂದರೆ ಇಬ್ಬರಿದ್ದರು ಎಂಬುದಕ್ಕೆ ದಾಖಲೆ ಉಂಟು. ಯಾರ ಹೆಂಡತಿ ಮೊದಲು ಸತ್ತಳು ಎಂಬುದಕ್ಕೆ ಇಲ್ಲ. ಅದಕ್ಕೆ ಇರುವುದು ಎರಡೆಳೆ ಕರಿಮಣಿ ಮಾತ್ರ.

ಕಚೇರಿಯಲ್ಲಿ ಯಾರಾದರೂ ಇಂಥ ಆಧಾರ ತಂದಿದ್ದರೆ ಅವನು ನಯವಾಗಿ ಬಾಗಿಲು ತೋರಿಸುತ್ತಿದ್ದ. ಡಾಫ್ನಿಗೆ ಏನೆಂದು ಬರೆಯುವುದು? ಒಮ್ಮೆ ಇಲ್ಲ ಎಂದವನು ಈಗ ಹೌದು ಎಂದರೆ, ಯಾವ ಬಾಯಿಂದ? ನಾಲ್ಕು ಸಲ ಬರೆದು ಹರಿದ. ಕಡೆಗೆ ಗ್ರೆಟ್ಟಾಳೇ, ಹೇಗೂ ನವೆಂಬರಿನಲ್ಲಿ ರೊವೀನಾ ಮನೆಗೆ ಹೋಗಲಿಕ್ಕುಂಟು, ಆ ಅಮ್ಮನ ಮನೆಗೂ ಹೋಗುವ, ಮಣಿ ನಾನು ತರುತ್ತೇನೆ, ಎದುರು ಕೂತು ಹೇಳುವ ಎಂದಳು.

ಡಾಫ್ನಿಯ ಮನೆ ವಿಲಿಯಮ್ಸ್‌ಟೌನಿನಲ್ಲೇ, ಮರದ ಪುಟ್ಟ ಮನೆ, ಬಾಗಿಲಲ್ಲಿ ನಿಂತರೆ ರಸ್ತೆಯ ಕೊನೆಯಲ್ಲಿ ಹಡಗಿನ ಕಂಬಗಳು ಕಾಣುತ್ತವೆ. ಡಾಫ್ನಿ ಎತ್ತರದ, ಬಿಳುಚಿದ ಹೆಂಗಸು. ಆದರೆ ಹುಬ್ಬು ಲ್ಯಾನ್ಸ್‌ಲೊಟನ ಅಪ್ಪನದೇ, ನಡುವೆ ಕೂಡಿದ ದಪ್ಪ ಹುಬ್ಬು. ಕೇಕ್ ಬಂತು, ಚಹಾ ಬಂತು. ಅವನು ಕಾಗದಗಳನ್ನು ಹರಡಿ ಇಬ್ಬರು ಪಾಸ್ಕಲರ ಕಥೆಯನ್ನು ಬಿಡಿಸಿ ಹೇಳಿದ, ಮೊದಲ ಕಾಗದಕ್ಕೆ ಕ್ಷಮೆ ಕೇಳಿದ. ಡಾಫ್ನಿ ಗಮನವಿಟ್ಟು ಕೇಳಿದರು. ಎಲ್ಲ ಕೇಳಿ, ನಿಮ್ಮ ಮೊದಲ ಕಾಗದದಲ್ಲೂ ನಿಮಗೆ ಇಷ್ಟೇ ಖಾತ್ರಿ ಇತ್ತಲ್ಲ ಎಂದರು. ಮಾತಿನಲ್ಲಿ ಕಹಿಯಿರಲಿಲ್ಲ, ಆದರೆ ನಂಬಿಕೆಯೂ ಇರಲಿಲ್ಲ. ಈ ಮಣಿಯ ಪದ್ಧತಿಯನ್ನು ಜನ ಅಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರೇ? ಬಡವರ ಮನೆ, ಚಿನ್ನದ ಶಿಲುಬೆ. ವಿಧವೆಯದಾದರೇನು ಎಂದು ಸೊಸೆಗೆ ಹಾಕಿರಲೂಬಹುದಲ್ಲ? ತನಗೆ ಸಮಾಧಾನವಾಗಲೆಂದು ಒಂದು ಕಥೆ ಬೇಡ, ನಿಜ ಬೇಕು ಎಂದರು. ಲ್ಯಾನ್ಸ್‌ಲೊಟ್ ತಲೆ ತಗ್ಗಿಸಿದ. ಅವನ ಪ್ರಶ್ನೆಯನ್ನೇ ಅವರು ಅವನಿಗೆ ಕೇಳಿದ್ದರು.

ಗ್ರೆಟ್ಟಾ ಡಬ್ಬಿ ತೆರೆದು ಮಣಿಯನ್ನು ಡಾಫ್ನಿಯ ಅಂಗೈಯಲ್ಲಿಟ್ಟಳು. ಡಾಫ್ನಿ ಅದನ್ನು ಬೆಳಕಿಗೆ ಹಿಡಿದು ನೋಡಿದರು, ಶಿಲುಬೆಯ ಮೇಲೆ ಬೆರಳಾಡಿಸಿದರು. ಅಜ್ಜ ಇದನ್ನು ಮುಟ್ಟಿದ್ದಾನೆ ಎಂದು ಮೆಲ್ಲಗೆ ಅಂದರು. ಆಮೇಲೆ ಎದ್ದು, ಗೋಡೆಯ ಕನ್ನಡಿಯ ಮುಂದೆ ಹೋಗಿ, ಹೆಂಗಸರು ಯಾವ ಸರ ಕೈಗೆ ಬಂದರೂ ಮಾಡುವಂತೆ, ಅದನ್ನು ಕೊರಳಿಗೆ ಎತ್ತಿದರು.

ಗ್ರೆಟ್ಟಾ ಕುರ್ಚಿಯಿಂದ ಎದ್ದದ್ದು ಗ್ರೆಟ್ಟಾಳಿಗೇ ಗೊತ್ತಿಲ್ಲ. ಎರಡು ಹೆಜ್ಜೆಯಲ್ಲಿ ಹೋಗಿ ಡಾಫ್ನಿಯ ಮಣಿಕಟ್ಟನ್ನು ಹಿಡಿದಿದ್ದಳು. ಗಟ್ಟಿಯಾಗಿ ಹಿಡಿದಿದ್ದಳು.

“ಬೇಡ,” ಎಂದಳು. “ನಿಮ್ಮ ಗಂಡ ತೀರಿಕೊಂಡಿದ್ದಾರೆ. ಇದು ನಿಮ್ಮ ಕೊರಳಿಗೆ ತಾಗಬಾರದು.”

ಲ್ಯಾನ್ಸ್‌ಲೊಟನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರ ಮನೆಯಲ್ಲಿ ಕೂತು, ಅವರ ಕೇಕ್ ತಿಂದು, ಅವರ ಅಜ್ಜನ ಮಣಿಯನ್ನು ಅವರ ಕೈಯಿಂದ ತಡೆಯುವುದೇ! ಗ್ರೆಟ್ಟಾ ತನ್ನ ಕೈಯನ್ನೇ ನೋಡುತ್ತ ನಿಂತಿದ್ದಳು, ಮುಖ ಕೆಂಪೇರಿತ್ತು, ಕಣ್ಣಲ್ಲಿ ನೀರು. ಆದರೂ ಹಿಡಿತ ಸಡಿಲಿಸಲಿಲ್ಲ.

ಡಾಫ್ನಿ ಕನ್ನಡಿಯಲ್ಲಿ ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ಮಣಿಯನ್ನು ಕೆಳಗಿಳಿಸಿದರು.

“ನಾನು ಮುದುಕಿ, ಹೊರಗಿನವಳು, ಒಂದು ನಿಮಿಷ ಹಾಕಿ ನೋಡಿ ಕೊಡುತ್ತಿದ್ದೆ. ಅಷ್ಟಕ್ಕೂ ನೀನು ಬಿಡಲಿಲ್ಲ.”

“ತಪ್ಪಾಯಿತು,” ಎಂದಳು ಗ್ರೆಟ್ಟಾ. “ಆದರೆ ಬಿಡಲಿಕ್ಕೆ ಆಗುವುದಿಲ್ಲ.”

“ತಪ್ಪಲ್ಲ. ನೀನೇ ಬಿಡಲಿಲ್ಲ ಎಂದಮೇಲೆ ಆ ಕಾಲದವರು ಬಿಟ್ಟಿರುತ್ತಾರೆಯೇ? ವಿಧವೆಯ ಮಣಿಯನ್ನು ಅವರು ಮದುಮಗಳಿಗೆ ಹಾಕಿಲ್ಲ.” ಡಾಫ್ನಿ ಕುರ್ಚಿಗೆ ಬಂದು ಕೂತರು. “ಅವನು ನಿಜ ಹೇಳಿದ್ದ. ಅಜ್ಜಿ ನಂಬಿದ್ದು ನಿಜವನ್ನೇ.”

ಹೇಳಿ ಮುಗಿಸುವ ಮೊದಲೇ ಅವರಿಗೆ ಅಳು ಬಂತು. ಎಂಬತ್ತೈದರ ಹೆಂಗಸು ಹತ್ತು ವರ್ಷದ ಮಗುವಿನಂತೆ ಅತ್ತರು. ಗ್ರೆಟ್ಟಾ ಪಕ್ಕದಲ್ಲಿ ಮಂಡಿಯೂರಿ ಕೂತು ಆ ಮಣಿಕಟ್ಟನ್ನೇ ಸವರುತ್ತಿದ್ದಳು, ತನ್ನ ಬೆರಳಿನ ಗುರುತು ಮೂಡಿದ ಜಾಗವನ್ನು.

ವಾಪಸು ಟ್ರೈನಿನಲ್ಲಿ ಗ್ರೆಟ್ಟಾ ಮಣಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಗಂಡ ಸತ್ತವಳ ಕೊರಳು ಎಂತ ಪಾಪ ಮಾಡಿದೆ, ನಾಳೆ ನನ್ನದೂ ಅದೇ ಕೊರಳು ಎಂದಳು. ಲ್ಯಾನ್ಸ್‌ಲೊಟ್ ಸಮಾಧಾನ ಹೇಳಲು ಹೋಗಲಿಲ್ಲ. ಪದ್ಧತಿ ಕ್ರೂರವೇ, ಅದರಲ್ಲಿ ಎರಡು ಮಾತಿಲ್ಲ. ಅದೇ ಕ್ರೂರ ಪದ್ಧತಿ ನೂರಿಪ್ಪತ್ತು ವರ್ಷ ಒಬ್ಬ ಹೆಂಗಸಿನ ಮಾನಕ್ಕೆ ಸಾಕ್ಷಿ ಹಿಡಿದುಕೊಂಡು ಬಂದಿತ್ತು. ಎರಡೂ ನಿಜ. ಅವನು ಹೆಂಡತಿಯ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡ.

ಸಿಡ್ನಿಗೆ ಮರಳಿದ ಮೇಲೆ ಅವನು ಕಂಪ್ಯೂಟರ್ ತೆರೆದು, ‘ಹೆಂಡತಿ’ ಎಂದಿದ್ದ ಖಾನೆಯಲ್ಲಿ ಇಸಾಬೆಲ್ ಎಂದು ಟೈಪ್ ಮಾಡಿದ. ಕೆಂಪು ಗುರುತು ಹೋಗಲಿಲ್ಲ. ಇರಲಿ ಎಂದು ಬಿಟ್ಟ. ಅದನ್ನು ಕಂಡ ಡಿಕ್ಸನ್, ಡ್ಯಾಡಿಗೆ ಹುಷಾರಿಲ್ಲವೇ ಎಂದು ಅಮ್ಮನನ್ನು ಕೇಳಿದ.

ಮದುವೆಗೆ ಎರಡು ವಾರ ಇರುವಾಗ ಒಂದು ಸಂಜೆ ಡಾಫ್ನಿಯ ಫೋನ್ ಬಂತು. ಕಲ್ಲು ಕೆತ್ತುವವನು ನಾಳೆ ಬರುತ್ತಾನಂತೆ. ಎಲೆನ್, ಅವನ ಹೆಂಡತಿ ಎಂದು ಬರೆಸಿದರೂ ಮೇಲೆ ಇನ್ನೊಂದು ಸಾಲಿಗೆ ಜಾಗ ಉಳಿಯುತ್ತದಂತೆ. ಡಾಫ್ನಿ ಯೋಚನೆ ಮಾಡಿದ್ದರು. ಆ ಮೊದಲನೆಯವಳಿಗೆ ನಿಮ್ಮೂರಿನಲ್ಲಿ ಕಲ್ಲು ಇದೆಯೇ ಎಂದು ಕೇಳಿದರು. ಇಲ್ಲ, ಹೂತ ಜಾಗವೂ ತಿಳಿಯದು, ಬರೆದ ಪುಟವನ್ನೂ ಗೆದ್ದಲು ತಿಂದಿದೆ ಎಂದ ಲ್ಯಾನ್ಸ್‌ಲೊಟ್.

“ಹಾಗಾದರೆ ಅವಳ ಹೆಸರು ಮೊದಲು ಬರಲಿ, ಅಜ್ಜಿಯದು ಅದರ ಕೆಳಗೆ,” ಎಂದರು ಡಾಫ್ನಿ. “ಆದರೆ ಸರಿಯಾಗಿ ಹೇಳು, ಕಲ್ಲಿನ ಮೇಲೆ ಕೆತ್ತಿದರೆ ಅಳಿಸಲಾಗುವುದಿಲ್ಲ. ಹೆಸರಿಗೆ ಏನಾದರೂ ದಾಖಲೆ ಇದೆಯೇ?”

“ಕಾಗದ ಇಲ್ಲ,” ಎಂದ ಲ್ಯಾನ್ಸ್‌ಲೊಟ್. “ಗ್ರೆಟ್ಟಾ ಇದ್ದಾಳೆ, ಅವಳಿಗೇ ಕೊಡುತ್ತೇನೆ.”

ಅಡುಗೆಮನೆಯಿಂದ ಗ್ರೆಟ್ಟಾ ಕೈ ಒರೆಸಿಕೊಳ್ಳುತ್ತ ಬಂದು ಫೋನ್ ತೆಗೆದುಕೊಂಡಳು.